ಡಿಪಿಎಫ್ ದೀಪ ಆರಿದ ಕತೆ

ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಹತ್ತಿರ ನಮ್ಮ ಮೋಟರ್‌ಹೋಮ್‌ನ (ಒಳಗೇ ವಾಸಿಸುವ ದೊಡ್ಡ ಗಾಡಿ) ಡಿಪಿಎಫ್ ದೀಪ, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ನ ಎಚ್ಚರಿಕೆ ದೀಪ, ಹತ್ತಿಕೊಂಡಿತು. ತಪ್ಪು ನನ್ನದೇ. ಚಳಿ ಅಂತ ದಿನಾ ಬೆಳಗ್ಗೆ ಮುಕ್ಕಾಲು ಗಂಟೆ, ಕಾಫಿ ಮುಗಿಯುವವರೆಗೂ, ಎಂಜಿನ್ ಸುಮ್ನೆ ಆನ್ ಮಾಡಿ ಬಿಡುತ್ತಿದ್ದೆ. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗಿ ಫಿಲ್ಟರ್‌ನಲ್ಲಿ ಕೂರುತ್ತದೆ. ಅದನ್ನು ಸುಡಲು ಹೊಗೆಯ ಬಿಸಿಯೂ ಸಾಲದು.

ಐ-40 ಹೆದ್ದಾರಿಯಲ್ಲಿ ಎಲ್ಲೂ ನಿಲ್ಲಿಸದೆ 40 ನಿಮಿಷ ಓಡಿಸಿದೆ. ರೀಜನರೇಶನ್, ಅಂದರೆ ಫಿಲ್ಟರ್‌ನ ಮಸಿ ಸುಡುವ ಕೆಲಸ, ಮುಗಿದು ದೀಪ ಆರಿತು. ಈಗ ಸ್ಟಾರ್ಟ್ ಮಾಡಿ ಎರಡು-ಮೂರು ನಿಮಿಷ ಅಷ್ಟೇ, ಆಮೇಲೆ ನಿಧಾನವಾಗಿ ಹೊರಟುಬಿಡುತ್ತೇನೆ. ನಿಂತಾಗ ಏಸಿ ಬೇಕಾದರೂ ಎಂಜಿನ್ ಬೇಡ, ಅದಕ್ಕೆ ಜನರೇಟರ್ ಇದೆ ಅಲ್ವಾ! ನಿಂತೇ ಓಡಿಸಬೇಕಾದರೆ ಹೈ ಐಡಲ್ (ನಿಂತಲ್ಲೇ ಎಂಜಿನ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಹಾಕಿ 1,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ದಾಟಿಸುತ್ತೇನೆ. ದೊಡ್ಡ ಏರು ಹತ್ತಿ ಬಂದಾಗ ಮಾತ್ರ ಆಫ್ ಮಾಡುವ ಮುಂಚೆ ಮೂರು ನಿಮಿಷ ಬಿಡುತ್ತೇನೆ, ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ತಣಿಯಲಿ ಅಂತ.