ಮಲೆನಾಡಿನ ಮಳೆಗಾಲಕ್ಕೆ ಒಗ್ಗುವ ಇಸ್ತ್ರಿ ಪೆಟ್ಟಿಗೆ: ಏನೇನು ಬದಲಾಗಬೇಕು?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್ ಹುಟ್ಟಿತೆಂದರೆ ಇಸ್ತ್ರಿ ಪೆಟ್ಟಿಗೆಯ ಕೆಲಸವೇ ಬೇರೆ. ಸುಕ್ಕು ತೆಗೆಯುವುದು ಆಮೇಲೆ, ಮೊದಲು ಬಟ್ಟೆ ಒಣಗಿಸಬೇಕು. ಎರಡು ದಿನ ಒಲೆಯ ಮೇಲಿನ ಹಗ್ಗದಲ್ಲಿ ನೇತಾಡಿದರೂ ಯೂನಿಫಾರಂನ ಕಾಲರ್, ಜೇಬು, ಸೊಂಟಪಟ್ಟಿ ಮುಟ್ಟಿದರೆ ತಣ್ಣಗೇ ಇರುತ್ತವೆ. ಅಂಗಡಿಯ ಪೆಟ್ಟಿಗೆ ಮಾತ್ರ ಒಣಬಟ್ಟೆಗೆಂದೇ ಮಾಡಿದ್ದು.

ಮೊದಲು ವಾಟ್ ನೋಡಿ. ಬಟ್ಟೆಯಲ್ಲಿ ಉಳಿದ 100 ಗ್ರಾಂ ನೀರನ್ನು ಆವಿ ಮಾಡುವುದಕ್ಕೇ ಸುಮಾರು 226 ಕಿಲೋಜೂಲ್ ಬೇಕು. 1000 ವಾಟ್ ಪೆಟ್ಟಿಗೆಗೆ ಇದು ಹೆಚ್ಚುಕಡಿಮೆ ನಾಲ್ಕು ನಿಮಿಷದ ಕೆಲಸ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಅದೇ ಪೆಟ್ಟಿಗೆ 610 ವಾಟ್ ಕೊಡುತ್ತದೆ, ಆರು ನಿಮಿಷ ದಾಟುತ್ತದೆ. ಅದೇ 180 ವೋಲ್ಟಿನಲ್ಲಿ 750 ವಾಟಿನದಾದರೆ ಎಂಟು ನಿಮಿಷ. ಮಲೆನಾಡಿಗೆ 1000ಕ್ಕಿಂತ ಕಡಿಮೆ ಬೇಡ, 6 ಆಂಪಿಯರ್ ಸಾಕೆಟ್ಟೇ ಸಾಕು. ತಳ ದಪ್ಪಗಿರಲಿ. ಕೈಗೆ ಹಗುರ ಅಂತ ತೆಳು ತಳದ್ದು ತಂದರೆ ಒದ್ದೆ ಜೇಬಿನ ಮೇಲೆ ಇಟ್ಟ ಕೂಡಲೇ ತಣಿಯುತ್ತದೆ. ಇಸ್ತ್ರಿಗೆ ಮೊದಲು ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ ತೆಗೆಯಿರಿ. ಅಲ್ಲಿ ಹೋದ ನೀರಿಗೆ ಕರೆಂಟ್ ಖರ್ಚಿಲ್ಲ.

ಎರಡನೆಯದು ವೈರಿನ ಕುತ್ತಿಗೆ. ಹಿಂಬದಿಯಲ್ಲಿ ವೈರ್ ಹೊರಬರುವ ಜಾಗ ಪ್ರತಿ ಎಳೆತಕ್ಕೂ ಬಾಗುತ್ತದೆ. ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗಿ, ಉಳಿದವು ಬಿಸಿಯಾಗಿ ರಬ್ಬರ್ ಸುಡುತ್ತದೆ. ಅಲ್ಲಾಡಿಸಿದರೆ ಲೈಟ್ ಮಿನುಗುತ್ತದೆ ಎಂದಾದರೆ ದೋಷ ಹೆಚ್ಚಾಗಿ ಅಲ್ಲೇ. ಎಲ್ಲ ಕಡೆ ತಿರುಗುವ ಕುತ್ತಿಗೆ ಇರುವ ಪೆಟ್ಟಿಗೆ ಸಿಕ್ಕರೆ ನೂರಿನ್ನೂರು ಹೆಚ್ಚಾದರೂ ಕೊಳ್ಳಿ. ಇಲ್ಲದಿದ್ದರೆ ವೈರ್ ಬದಲಿಸಿ.

ಪ್ಲಗ್ ತೆಗೆದು ಒಂದು ಗಂಟೆ ಆರಲು ಬಿಡಿ. ಹಿಂಬದಿಯ ಸ್ಕ್ರೂ ಬಿಚ್ಚಿ, ಯಾವ ವೈರ್ ಎಲ್ಲಿದೆ ಎಂದು ಫೋಟೋ ತೆಗೆದುಕೊಳ್ಳಿ. ಹೊಸ ವೈರ್ ಹತ್ತಿಯ ಹೊದಿಕೆಯ ಮೂರೆಳೆಯ ರಬ್ಬರ್ ವೈರೇ ಆಗಬೇಕು, 0.75 ಚದರ ಮಿಲಿಮೀಟರಿನದು. ಪಿವಿಸಿ ವೈರ್ ತಳಕ್ಕೆ ತಾಗಿದರೆ ಕರಗುತ್ತದೆ. ತುದಿಯನ್ನು 8 ಮಿಲಿಮೀಟರ್ ಸುಲಿದು ಲಗ್ (ಸ್ಕ್ರೂಗೆ ಕೂರುವ ಲೋಹದ ತುದಿ) ಹಾಕಿ ಒತ್ತಿಸಿ. ಬೆಸುಗೆ ಬೇಡ: ಸಾಮಾನ್ಯ ಸೀಸದ ಬೆಸುಗೆ 183 ಡಿಗ್ರಿಗೇ ಸಡಿಲವಾಗುತ್ತದೆ. ಅರ್ಥ್ ವೈರನ್ನು ಉಳಿದೆರಡಕ್ಕಿಂತ 3 ಸೆಂಟಿಮೀಟರ್ ಉದ್ದ ಬಿಡಿ. ಯಾರಾದರೂ ಜಗ್ಗಿದರೆ ಕೊನೆಗೆ ಕಿತ್ತು ಬರಬೇಕಾದದ್ದು ಅದು. ವೈರನ್ನು ಬಿಗಿದಿಡುವ ಕ್ಲಾಂಪ್ ಹೊರಹೊದಿಕೆಯನ್ನು ಕಚ್ಚಿ ಹಿಡಿದಿರಬೇಕು, ಒಳಗಿನ ಎಳೆಗಳನ್ನಲ್ಲ.

ಮುಚ್ಚಿದ ಮೇಲೆ ಪ್ಲಗ್ಗಿನ ದಪ್ಪ ಪಿನ್ನಿಗೂ ತಳಕ್ಕೂ ಮಲ್ಟಿಮೀಟರ್ ಹಿಡಿಯಿರಿ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಇದನ್ನು ಬಿಡಬೇಡಿ. ಒದ್ದೆ ಬಟ್ಟೆಯ ಆವಿ ತಳದ ಸಂದಿನಿಂದ ಒಳಗೇರುತ್ತದೆ. ಎಲಿಮೆಂಟ್ (ಕಾಯುವ ತಂತಿ) ಸುತ್ತಿದ, ಕರೆಂಟ್ ತಡೆಯುವ ಮೈಕಾ ಹಾಳೆ ಥಂಡಿ ಹಿಡಿದರೆ ಕರೆಂಟ್ ಮೈಗೆ ಸೋರುತ್ತದೆ, ಚುರುಕ್ ಎನ್ನುವುದು ಅದೇ. ವಾರಗಟ್ಟಲೆ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು, ಡಯಲ್ ಒಂದು ಚುಕ್ಕೆಗೆ (ನೈಲಾನಿನ ಕಡಿಮೆ ಬಿಸಿ) ತಿರುಗಿಸಿ, ಐದು ನಿಮಿಷ ಬಿಸಿ ಮಾಡಿ, ಅಷ್ಟು ಹೊತ್ತು ಮುಟ್ಟಬೇಡಿ.

ಇನ್ನು ಕರೆಂಟ್ ಹೋಗುವ ವಿಷಯ. ಇಸ್ತ್ರಿ ಮಾಡುತ್ತಿರುವಾಗಲೇ ಹೋಯಿತು, ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಎದ್ದರು, ಸ್ವಿಚ್ ಆನ್ ಇದ್ದಂತೆಯೇ ಇದೆ. ರಾತ್ರಿ ಕರೆಂಟ್ ಬಂದಾಗ ಮನೆಯಲ್ಲಿ ಎಲ್ಲರಿಗೂ ನಿದ್ದೆ. ಪೆಟ್ಟಿಗೆಯೊಳಗೇ ಇರಬೇಕಾದ ಉಪಾಯವನ್ನು ಸದ್ಯಕ್ಕೆ ಬೋರ್ಡಿನಲ್ಲಿ ಮಾಡಿಸಬಹುದು. 230 ವೋಲ್ಟ್ ಕಾಯಿಲ್, 10 ಆಂಪಿಯರಿನ ಎರಡು ಕಾಂಟ್ಯಾಕ್ಟ್ ಇರುವ ರಿಲೇ (ಕಾಯಿಲಿಗೆ ಕರೆಂಟ್ ಇರುವ ತನಕ ಕೂರುವ ಸ್ವಿಚ್) ಒಂದು, ಒತ್ತಿ ಬಿಡುವ ಬಟನ್ ಒಂದು. ಬಟನ್ ಒತ್ತಿದಾಗ ರಿಲೇ ಕೂರುತ್ತದೆ; ಒಂದು ಕಾಂಟ್ಯಾಕ್ಟ್ ಸಾಕೆಟ್ಟಿಗೆ, ಇನ್ನೊಂದು ಬಟನ್ನಿಗೆ ಸಮಾನಾಂತರವಾಗಿ ನಿಂತು ಕಾಯಿಲನ್ನು ಹಿಡಿದಿಡುತ್ತದೆ. ಕರೆಂಟ್ ಹೋದರೆ ರಿಲೇ ಬಿಡುತ್ತದೆ, ಮತ್ತೆ ಬಂದರೂ ಬಟನ್ ಒತ್ತುವ ತನಕ ಸಾಕೆಟ್ ಸತ್ತಂತೆ. ಈ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಇಂಡಿಕೇಟರ್ ಲೈಟ್ ಆರಿದರೆ ಪೆಟ್ಟಿಗೆ ಆಫ್ ಆಯಿತೆಂದು ಅರ್ಥವಲ್ಲ, ಬೇಕಾದಷ್ಟು ಕಾದಿದೆ ಎಂದಷ್ಟೇ. ಸ್ವಿಚ್ ಬೋರ್ಡಿನಲ್ಲಿ ಇನ್ನೊಂದು ಲೈಟ್ ಇದ್ದರೆ ಗೊಂದಲ ತಪ್ಪುತ್ತದೆ.

ಬೇಗ ಕಾಯಲೆಂದು ಒಳಗಿನ ಥರ್ಮೋಸ್ಟಾಟಿನ ಚಿಕ್ಕ ಸ್ಕ್ರೂ ತಿರುಗಿಸುವ ಚಾಳಿ ಕೆಲವರಿಗಿದೆ. ಬೇಡ. ಕಾಯುವ ವೇಗ ಎಲಿಮೆಂಟಿನದು, ಆ ಸ್ಕ್ರೂ ಬದಲಿಸುವುದು ಎಲ್ಲಿ ನಿಲ್ಲಬೇಕು ಎಂಬುದನ್ನು. ಒಂದು ಸಲ ತಪ್ಪಿದರೆ ನೈಲಾನ್ ಚುಕ್ಕೆಯಲ್ಲೇ ಸೀರೆಯ ಸೆರಗು ತಳಕ್ಕೆ ಅಂಟಿಕೊಳ್ಳುತ್ತದೆ.