ದ್ರವ್ಯರಾಶಿ ಅಂದ್ರೆ ಯಾವ ರಾಶಿ?

ನನ್ನ ಮೊದಲ ಸಂದರ್ಶನದ ರೆಕಾರ್ಡಿಂಗ್ ಈಗಲೂ ಇಟ್ಟುಕೊಂಡಿದ್ದೇನೆ. ಒಂದು ಗಂಟೆ ಇಪ್ಪತ್ತು ನಿಮಿಷ. ಅದರಲ್ಲಿ ನಾನು "ಹೂಂ" ಅಂದಿರುವುದು 94 ಸಲ. ಒಂದು ಸಂಜೆ ಕೂತು ಎಣಿಸಿದೆ. ಪಲ್ಸಾರ್‌ಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ ಅವರು. ಪಲ್ಸಾರ್ ಅಂದರೆ ಗಿರ್ರನೆ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ. ಪಾಪ, ತುಂಬ ಪ್ರೀತಿಯಿಂದ ಹೇಳುತ್ತಾ ಹೋದರು. ನಾನು ತಲೆಯಾಡಿಸುತ್ತಾ ಹೋದೆ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಎಡಿಟ್ ಮಾಡಲು ಕೂತಾಗ ಗೊತ್ತಾಯಿತು, ಹತ್ತನೇ ನಿಮಿಷದಲ್ಲಿ ಬಂದ "ಡಿಸ್ಪರ್ಷನ್" ಅನ್ನುವ ಮಾತು ನನಗೆ ಅರ್ಥವೇ ಆಗಿರಲಿಲ್ಲ. ಮುಂದಿನ 70 ನಿಮಿಷ ಅದರ ಮೇಲೇ ನಿಂತಿತ್ತು. ನನ್ನ 94 ಹೂಂಗಳೂ ಸುಳ್ಳು.

ವಿಜ್ಞಾನಿಗಳನ್ನು ಕನ್ನಡದಲ್ಲಿ ಮಾತಾಡಿಸುವ ಈ ಕೆಲಸಕ್ಕೆ ನಾನು ಕೈ ಹಾಕಿದ್ದು ಅಪ್ಪನಿಂದ. 2019ರ ಏಪ್ರಿಲ್ 10ರಂದು ಕಪ್ಪುಕುಳಿಯ, ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದ ಬ್ಲ್ಯಾಕ್ ಹೋಲ್‌ನ, ಮೊದಲ ಚಿತ್ರ ಬಿಡುಗಡೆಯಾಯಿತು. ನಾನು ಆಗ ಸುದ್ದಿ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಆ ಸುದ್ದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ. ಮರುದಿನ ಅರಸೀಕೆರೆ ಹತ್ತಿರದ ನಮ್ಮೂರಿನಿಂದ ಅಪ್ಪ ಫೋನ್ ಮಾಡಿದರು. "ಪೇಪರಲ್ಲಿ ಬಂದಿದೆಯಲ್ಲ, ಉರಿಯೋ ಉಂಗುರ. ಅದು ತೆಗೆದಿದ್ದಾ, ಬರೆದಿದ್ದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 400 ಪದಗಳ ಸುದ್ದಿ ಬರೆದಿದ್ದೆ, ಆದರೆ ಫೋಟೋನಾ ಚಿತ್ರಾನಾ ಅಂತ ಕೇಳಿದರೆ ಬಾಯಿ ಕಟ್ಟಿತು. ಬೆಂಗಳೂರಿನಲ್ಲಿದ್ದೇನೆ, ಕೋರಮಂಗಲದಲ್ಲಿ ಭಾರತೀಯ ಖಗೋಳಭೌತ ಸಂಸ್ಥೆ ಇದೆ, ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ, ಐಐಎಸ್‌ಸಿ ಅಂತೂ ಇದ್ದೇ ಇದೆ. ಎಲ್ಲ ಒಂದು ಬಸ್ಸಿನ ದೂರ. ಗೊತ್ತಿರುವವರನ್ನೇ ಕೇಳಿ, ಅವರ ಮಾತನ್ನೇ ಕನ್ನಡದಲ್ಲಿ ಕೇಳಿಸಿದರೆ ಹೇಗೆ ಅನ್ನಿಸಿತು. ಹಾಗೆ ಶುರುವಾಯಿತು. ತಿಂಗಳಿಗೊಂದು ಮಾತುಕತೆ, ಆಡಿಯೋ ರೂಪದಲ್ಲಿ. ಆಮೇಲಾಮೇಲೆ ನಮ್ಮ ಬಡಾವಣೆಯ ಗ್ರಂಥಾಲಯದ ಹಾಲಿನಲ್ಲಿ ಜನರನ್ನು ಕೂರಿಸಿಕೊಂಡು.

ಅಪ್ಪನ ಪ್ರಶ್ನೆಗೆ ಉತ್ತರ ಆಮೇಲೆ ಸಿಕ್ಕಿತು: ತೆಗೆದಿದ್ದೂ ಹೌದು, ಬರೆದಿದ್ದೂ ಹೌದು. 2017ರ ಏಪ್ರಿಲ್‌ನಲ್ಲಿ ಭೂಮಿಯ ಬೇರೆ ಬೇರೆ ಮೂಲೆಯ 8 ರೇಡಿಯೋ ದೂರದರ್ಶಕಗಳು ಒಟ್ಟಿಗೆ ಎಂ87 ಅನ್ನುವ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಕಡೆ ನೋಡಿದವು. ಅಲ್ಲಿಂದ ಬಂದ ಮಾಹಿತಿ ಎಷ್ಟಿತ್ತೆಂದರೆ ಇಂಟರ್‌ನೆಟ್‌ನಲ್ಲಿ ಕಳಿಸಲು ಆಗಲಿಲ್ಲ. ಹಾರ್ಡ್ ಡಿಸ್ಕ್‌ಗಳನ್ನು ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳಂತೂ ಅಲ್ಲಿನ ಚಳಿಗಾಲ ಮುಗಿದು ವಿಮಾನ ಇಳಿಯುವವರೆಗೆ ತಿಂಗಳುಗಟ್ಟಲೆ ಕಾದವು. ಎಲ್ಲವನ್ನೂ ಜೋಡಿಸಿ, ಲೆಕ್ಕ ಹಾಕಿ ಚಿತ್ರ ಕಟ್ಟಿದರು. ಆ ಕಿತ್ತಳೆ ಬಣ್ಣ ಮಾತ್ರ ನಾವು ಕೊಟ್ಟಿದ್ದು. 1.3 ಮಿಲಿಮೀಟರ್ ಉದ್ದದ ರೇಡಿಯೋ ಅಲೆಗೆ ಕಣ್ಣಿಗೆ ಕಾಣುವ ಬಣ್ಣ ಎಲ್ಲಿಂದ ಬರಬೇಕು?

ಅಪ್ಪನಿಗೆ ಇದೆಲ್ಲ ಹೇಳಿದೆ. ಅವರ ತಲೆಯಲ್ಲಿ ಉಳಿದಿದ್ದು ವಿಮಾನ. "ಅಷ್ಟು ದೊಡ್ಡ ದೊಡ್ಡ ವಿಜ್ಞಾನಿಗಳು, ಕೊನೆಗೆ ಪಾರ್ಸೆಲ್ ಮಾಡಿದ್ರಾ!" ಅಂತ ನಕ್ಕರು. ಆಮೇಲೆ ಊರಿನ ಅರಳಿಕಟ್ಟೆಯಲ್ಲಿ ಇದನ್ನೇ ಹತ್ತು ಜನಕ್ಕೆ ಹೇಳಿದರಂತೆ. ಕಪ್ಪುಕುಳಿಯ ವಿಚಾರ ಊರಿಗೆ ಹೋಗಿದ್ದು ಪಾರ್ಸೆಲ್ ಮೇಲೆ ಕೂತುಕೊಂಡು. ನನಗೆ ಪಾಠವಾಗಿದ್ದು ಅಲ್ಲೇ. ಜನಕ್ಕೆ "ಅದು ಏನು" ಅನ್ನುವುದಕ್ಕಿಂತ "ಅದು ನಿಮಗೆ ಹೇಗೆ ಗೊತ್ತಾಯ್ತು" ಅನ್ನುವುದು ಜಾಸ್ತಿ ಬೇಕು.

ಹಾಗಾಗಿ ಪಲ್ಸಾರ್ ವಿಜ್ಞಾನಿಯ ಹತ್ತಿರ ಮತ್ತೆ ಹೋದೆ. "ಸರ್, ನನಗೆ ಏನೂ ಅರ್ಥ ಆಗಿರಲಿಲ್ಲ, ಸುಮ್ನೆ ಹೂಂ ಅಂತಿದ್ದೆ" ಅಂತ ಒಪ್ಪಿಕೊಂಡೆ. ಅವರು ನಕ್ಕರು. ಈ ಸಲ ಒಂದೇ ಪ್ರಶ್ನೆ ಕೇಳಿದೆ: "ನಿನ್ನೆ ಕಂಪ್ಯೂಟರ್ ಪರದೆ ಮೇಲೆ ಏನು ನೋಡಿದ್ರಿ?" ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಚುಕ್ಕೆಗಳ ನಡುವೆ ಓರೆಯಾಗಿ ಇಳಿದ ಒಂದು ಕಪ್ಪು ಗೆರೆ. ಪಲ್ಸಾರ್‌ನಿಂದ ಒಂದೇ ಸಲ ಹೊರಟ ಮಿಡಿತ ಅದು. ಆದರೆ ಹೆಚ್ಚು ಆವರ್ತನದ, ಅಂದರೆ ಬೇಗ ಬೇಗ ಕಂಪಿಸುವ ಅಲೆ ಮೊದಲು ಬಂತು, ಕಡಿಮೆ ಆವರ್ತನದ್ದು ತಡವಾಗಿ ಬಂತು. ಅದಕ್ಕೇ ಗೆರೆ ಓರೆ.

"ಯಾಕೆ ತಡ?" ಅಂದೆ. ಅವರು ಮಂಡ್ಯ ಕಡೆಯವರು. ಸ್ವಲ್ಪ ಯೋಚಿಸಿ ಹೇಳಿದರು: "ಜಾತ್ರೆಯಲ್ಲಿ ಸೈಕಲ್‌ನೋನು ಹೆಂಗೋ ತೂರಿಕೊಂಡು ಹೋಗ್ತಾನೆ. ಎತ್ತಿನ ಗಾಡಿ ಸಿಕ್ಕಿಹಾಕ್ಕೊಳುತ್ತೆ. ದಾರಿಯಲ್ಲಿರೋ ಎಲೆಕ್ಟ್ರಾನ್‌ಗಳೇ ಜಾತ್ರೆ ಜನ. ಗಾಡಿ ಎಷ್ಟು ತಡ ಆಯ್ತು ಅಂತ ನೋಡಿದ್ರೆ ಜಾತ್ರೆಗೆ ಎಷ್ಟು ಜನ ಬಂದಿದ್ರು ಅಂತ ಹೇಳಬಹುದು." ಗೆರೆಯ ಓರೆ ನೋಡಿ ನಡುವಿನ ಖಾಲಿ ಜಾಗದಲ್ಲಿರುವ ಎಲೆಕ್ಟ್ರಾನ್ ಎಣಿಸುತ್ತಾರೆ, ಅದರಿಂದ ಪಲ್ಸಾರ್ ಎಷ್ಟು ದೂರ ಅಂತ ಅಂದಾಜು ಮಾಡುತ್ತಾರೆ. ಆ "ಡಿಸ್ಪರ್ಷನ್" ಅಂದರೆ ಈ ತಡವೇ. ಮೊದಲ ದಿನ 70 ನಿಮಿಷ ಹೇಳಿದ್ದು ಇದೇ. ಎರಡನೇ ದಿನ 4 ನಿಮಿಷಕ್ಕೆ ಮುಗಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ನಿಮ್ಮ ಅಜ್ಜಿಗೆ ಹೇಳಿದ ಹಾಗೆ ಹೇಳಿ" ಅಂತ ವಿಜ್ಞಾನಿಗಳಿಗೆ ಹೇಳಬೇಡಿ. ನಾನು ಎರಡು ಮೂರು ಸಲ ಹೇಳಿ ಕೆಟ್ಟಿದ್ದೇನೆ. ಅವರ ದನಿಯೇ ಬದಲಾಗಿಬಿಡುತ್ತದೆ. ಎಲ್‌ಕೆಜಿ ಮಕ್ಕಳಿಗೆ ಹೇಳುವ ದನಿ ಬರುತ್ತದೆ, ಜೊತೆಗೆ ರೆಡಿಮೇಡ್ ಮಾತುಗಳು. ನ್ಯೂಟ್ರಾನ್ ನಕ್ಷತ್ರವನ್ನು ಒಂದು ಚಮಚ ತಂದರೆ ಬೆಟ್ಟದಷ್ಟು ತೂಕ ಅನ್ನುವುದನ್ನು ನಾನು ಐದು ಜನರಿಂದ ಕೇಳಿದ್ದೇನೆ. ಐದೂ ಸಲ ಕತ್ತರಿಸಿದ್ದೇನೆ. ಮಾತು ತಪ್ಪಲ್ಲ. ಆದರೆ ಹೇಳುವವರಿಗೇ ಅದರಲ್ಲಿ ಬೆರಗು ಉಳಿದಿಲ್ಲ, ಕೇಳುವವರಿಗೆ ಎಲ್ಲಿಂದ ಬರಬೇಕು?

ಇನ್ನು ಪದಗಳ ಪಾಡು. ಮೊದಮೊದಲು ಪಠ್ಯಪುಸ್ತಕದ ಪದಗಳನ್ನೇ ಹಿಡಿದುಕೊಂಡಿದ್ದೆ. ಗ್ರಂಥಾಲಯದ ಒಂದು ಕಾರ್ಯಕ್ರಮದಲ್ಲಿ ವಿಜ್ಞಾನಿ "ಸೂರ್ಯನ ದ್ರವ್ಯರಾಶಿ" ಅಂದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿ, "ಮೇಷ ವೃಷಭ ಗೊತ್ತು. ಇದು ಯಾವ ರಾಶಿ?" ಅಂದರು. ಹಾಲಿನಲ್ಲೆಲ್ಲ ನಗು. ಅವರು ತಮಾಷೆ ಮಾಡಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ನಕ್ಷತ್ರದ ಮಾತು ನಡೆಯುತ್ತಿದೆ, ರಾಶಿ ಅಂದರೆ ಬೇರೆ ಏನು ಅಂದುಕೊಳ್ಳಬೇಕು, ಹೇಳಿ? ಅವತ್ತಿನಿಂದ ಮೊದಲ ಸಲ "ಅದರಲ್ಲಿ ಎಷ್ಟು ಸರಕು ತುಂಬಿದೆ" ಅನ್ನುತ್ತೇನೆ, ಆಮೇಲೆ ಮಾಸ್ ಅಂತಲೇ ಮುಂದುವರಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಕಪ್ಪುಕುಳಿ ಮಾತ್ರ ನನಗೆ ಇಷ್ಟ, ಕೃಷ್ಣರಂಧ್ರಕ್ಕಿಂತ ಬಾಯಿಗೆ ಹಗುರ.

ಪದಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಸೊನ್ನೆಗಳು. ವಿಜ್ಞಾನಿಗಳು ಕನ್ನಡದಲ್ಲೇ ಮಾತಾಡಿದರೂ ಸಂಖ್ಯೆ ಬಂದ ಕೂಡಲೇ ಮಿಲಿಯನ್, ಬಿಲಿಯನ್‌ಗೆ ಹಾರುತ್ತಾರೆ. ನಾನು ಅಲ್ಲೇ ಕೋಟಿಗೆ ತಿರುಗಿಸಲು ಹೋಗಿ ಒಮ್ಮೆ 130 ಕೋಟಿ ಬೆಳಕಿನ ವರ್ಷವನ್ನು 13 ಕೋಟಿ ಅಂತ ಹೇಳಿಬಿಟ್ಟೆ. ವಿಜ್ಞಾನಿಯೂ ಗಮನಿಸಲಿಲ್ಲ. ಪ್ರಸಾರವಾದ ಮೇಲೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಹಿಡಿದರು. ಈಗ ಮೈಕಿಗೇ ಒಂದು ಚೀಟಿ ಅಂಟಿಸಿದ್ದೇನೆ: ಮಿಲಿಯನ್ 10 ಲಕ್ಷ, ಬಿಲಿಯನ್ 100 ಕೋಟಿ. ಮತ್ತೆ, ಒಂದು ಸಂಚಿಕೆಗೆ ಎರಡು ದೊಡ್ಡ ಸಂಖ್ಯೆಗಿಂತ ಹೆಚ್ಚು ಇಡುವುದಿಲ್ಲ.

ಜಾಗ ತೋರಿಸಿದರೆ ಮಾತು ತಾನಾಗೇ ಇಳಿದು ಬರುತ್ತದೆ. ಹೊಸಕೋಟೆ ಅಂದ ಕೂಡಲೇ ಬೆಂಗಳೂರಿನವರಿಗೆ ಬೆಳಗಿನ ಜಾವದ ಬಿರಿಯಾನಿ ನೆನಪಾಗುತ್ತದೆ. ಅದೇ ಹೊಸಕೋಟೆಯಲ್ಲಿ ಖಗೋಳಭೌತ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ಕೂತು ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಲ್ಲಿ ರಾತ್ರಿ ಪಾಳಿ ಮಾಡಿದ ಯುವ ಸಂಶೋಧಕಿಯೊಬ್ಬರನ್ನು "ಬೆಳಗಾದಾಗ ಏನು ಮಾಡ್ತೀರಿ?" ಅಂದೆ. "ದೂರದರ್ಶಕದ ಮುಚ್ಚಳ ಹಾಕಿ, ಬಿರಿಯಾನಿ ತಿನ್ನೋಕೆ ಹೋಗ್ತೀವಿ" ಅಂದರು. ಈ ಮಾತು ಕೇಳಿ ಹಾನ್ಲೆ ಎಲ್ಲಿದೆ ಅಂತ ನಕಾಶೆ ನೋಡಿದವರು ಎಷ್ಟೋ ಜನ.

ನನಗೆ ತುಂಬ ಇಷ್ಟವಾದ ಪ್ರಶ್ನೆ ಬಂದಿದ್ದು ಒಬ್ಬ ರೈತರಿಂದ. 2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ, ಅಂದರೆ ಬೀಟಲ್‌ಜೂಸ್, ಮಂಕಾಗುತ್ತಾ ಬಂತು. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಅರ್ಧಕ್ಕಿಂತ ಕಡಿಮೆಯಾಗಿತ್ತು. ಸಿಡಿದೇ ಹೋಗುತ್ತದೇನೋ ಅಂತ ಗುಲ್ಲೆದ್ದಿತು. ಆ ಬಗ್ಗೆ ಮಾಡಿದ ಸಂಚಿಕೆಗೆ ಅವರು ಕಳಿಸಿದ ವಾಯ್ಸ್ ಮೆಸೇಜ್ ಇಷ್ಟೇ: "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅಂತಾರೆ. ಆ ನಕ್ಷತ್ರವೇ ಹೋದರೆ ಆರಿದ್ರಾ ಮಳೆ ಗತಿ ಏನು?"

ಮೂಢನಂಬಿಕೆ ಅಂತ ತಳ್ಳಿಹಾಕುವುದು ಸುಲಭವಿತ್ತು. ನಾನು ಕೇಳಿಸಿದ ವಿಜ್ಞಾನಿ ಹಾಗೆ ಮಾಡಲಿಲ್ಲ. ಮೆಸೇಜನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ ಒಂದು ಹಾಳೆ ಎಳೆದುಕೊಂಡು ಸೂರ್ಯ, ಭೂಮಿ, ದೂರದಲ್ಲಿ ನಕ್ಷತ್ರ ಬರೆದರು. ಜೂನ್ ಕೊನೆಯ ವಾರದಲ್ಲಿ ನಮಗೆ ಸೂರ್ಯ ಕಾಣುವುದು ಆರಿದ್ರಾ ಇರುವ ದಿಕ್ಕಿನಲ್ಲೇ. ಹಾಗಾಗಿ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಕಾಣುವುದೇ ಇಲ್ಲ, ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಅದು ರಾತ್ರಿ ಚೆನ್ನಾಗಿ ಕಾಣುವುದು ಡಿಸೆಂಬರ್, ಜನವರಿಯಲ್ಲಿ, ಆಗ ಮಳೆಯೇ ಇರುವುದಿಲ್ಲ. "ನಕ್ಷತ್ರ ಮಳೆ ಕೊಡಲ್ಲ. ಸೂರ್ಯ ಎಲ್ಲಿ ಬಂದ ಅನ್ನೋದಕ್ಕೆ ಅದು ಮೈಲಿಗಲ್ಲು. ಮೈಲಿಗಲ್ಲು ಬಿದ್ದುಹೋದ್ರೂ ಬಸ್ಸು ಬರುತ್ತೆ" ಅಂದರು. ನಕ್ಷತ್ರ ಮಂಕಾಗಿದ್ದಕ್ಕೆ ಕಾರಣವೂ ಆಮೇಲೆ ಗೊತ್ತಾಯಿತು. ಅದು ತನ್ನ ಮೈಯಿಂದಲೇ ಅನಿಲವನ್ನು ಉಗುಳಿತ್ತು, ಆ ಅನಿಲ ತಣ್ಣಗಾಗಿ ದೂಳಾಗಿ ಅಡ್ಡ ಬಂದಿತ್ತು. ರೈತರು ಮತ್ತೆ ಮೆಸೇಜ್ ಕಳಿಸಿದರು: "ಸರಿ. ಹಂಗಾದ್ರೆ ಮಖೆ ಮಳೆದೂ ಇದೇ ಲೆಕ್ಕಾನಾ?" ಇದೇ ಲೆಕ್ಕ.

ಕೊನೆಗೆ ಗಂಟೆಯ ವಿಚಾರ. ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ ಒಂದು ಲೆಕ್ಕ ಮಾಡಿದರು. ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ ಎಸೆದರೆ ಏನು ವಾಪಸ್ ಬರುತ್ತದೆ? ಬಡಿದ ಗಂಟೆಯ ಹಾಗೆ ಅದು ಮೊಳಗಿ, ಬೇಗ ಅಡಗುತ್ತದೆ ಅಂತ ಕಂಡಿತು. ಆ ದನಿಯಿಂದಲೇ ಕಪ್ಪುಕುಳಿಯ ಮಾಸ್ ಹೇಳಬಹುದು. ಮುಂದೆ ಅವರೇ ನೆಹರು ತಾರಾಲಯದ ಮೊದಲ ನಿರ್ದೇಶಕರಾದರು. (ಶಾಲೆಯ ಪ್ರವಾಸದಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ. ತಂಪಾದ ಕತ್ತಲು, ಒಳ್ಳೆಯ ಕುರ್ಚಿ. ಗಾಢ ನಿದ್ದೆ.) 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೊ ಯಂತ್ರಗಳಿಗೆ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದ ಅಲೆ ಸಿಕ್ಕಿತು. ವಿಶ್ವೇಶ್ವರ ಅವರು ತೀರಿಕೊಂಡಿದ್ದು 2017ರ ಜನವರಿಯಲ್ಲಿ. ಆ ಸುದ್ದಿಯನ್ನು ಅವರು ಕೇಳಿದ್ದರು.

ಇದರ ಬಗ್ಗೆ ಗ್ರಂಥಾಲಯದಲ್ಲಿ ಕಾರ್ಯಕ್ರಮ ಇಟ್ಟಾಗ ಒಬ್ಬ ಹುಡುಗಿ ಕೇಳಿದಳು, "ಪಕ್ಕದಲ್ಲಿ ಲಾರಿ ಹೋಗಿದ್ದಲ್ಲ ಅಂತ ಹೇಗೆ ಗೊತ್ತು?" ವಿಜ್ಞಾನಿಯ ಮುಖ ಅರಳಿತು. ಸುಮಾರು 3,000 ಕಿಲೋಮೀಟರ್ ದೂರವಿರುವ ಎರಡು ಯಂತ್ರಗಳಲ್ಲೂ ಒಂದೇ ಆಕಾರದ ಅಲೆ, ನಡುವೆ ಬರೀ 7 ಮಿಲಿಸೆಕೆಂಡ್ ವ್ಯತ್ಯಾಸ. ಯಾವ ಲಾರಿ ಹಾಗೆ ಓಡುತ್ತದೆ?

ಆಮೇಲೆ ಆ ಅಲೆಯನ್ನೇ ದನಿಯಾಗಿಸಿ ಕೇಳಿಸೋಣ ಅಂತ ನನ್ನ ಪುಟ್ಟ ಬ್ಲೂಟೂತ್ ಸ್ಪೀಕರ್ ಒತ್ತಿದೆ. ಏನೂ ಕೇಳಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಆ ದನಿ 35 ಹರ್ಟ್ಸ್‌ನಲ್ಲಿ ಶುರುವಾಗಿ 0.2 ಸೆಕೆಂಡಿನಲ್ಲಿ 250ಕ್ಕೆ ಏರುತ್ತದೆ. ಅಷ್ಟು ತಗ್ಗಿನ ದನಿ ಅಂಗೈಯಗಲದ ಸ್ಪೀಕರ್‌ಗೆ ಹೊರಡುವುದಿಲ್ಲ ಅಂತ ವಿಜ್ಞಾನಿ ಅಲ್ಲೇ ವಿವರಿಸಿದರು. ಜನ ಪಾಪ ಚಪ್ಪಾಳೆ ತಟ್ಟಿದರು.

ಮುಂದಿನ ತಿಂಗಳು ಶಾಮಿಯಾನದ ಅಂಗಡಿಯಿಂದ ಗಣೇಶನ ಹಬ್ಬಕ್ಕೆ ಹಾಕುವ ದೊಡ್ಡ ಸೌಂಡ್ ಬಾಕ್ಸ್ ಬಾಡಿಗೆಗೆ ತಂದೆ. ಹೊತ್ತು ತಂದ ಹುಡುಗ ವೈರ್ ಜೋಡಿಸಿ ಬಾಗಿಲ ಹತ್ತಿರ ನಿಂತಿದ್ದ. ಹಾಕಿದೆ. ನೆಲದಿಂದ ಎದ್ದು ಬಂದ ಹಾಗೆ ಒಂದು "ಗುಪ್". ಕಿಟಕಿಯ ಗಾಜು ಸಣ್ಣಗೆ ನಡುಗಿತು. ಅಷ್ಟೇ.

"ಇಷ್ಟೇನಾ ಮೇಡಂ?" ಅಂದ ಹುಡುಗ.

"ಇಷ್ಟೇ. ಎರಡು ಕಪ್ಪುಕುಳಿ ಒಂದಾಗಿದ್ದು. ಹೊರಟು 130 ಕೋಟಿ ವರ್ಷ ಆಯ್ತು."

ಅವನು ಸ್ವಲ್ಪ ಹೊತ್ತು ಬಾಕ್ಸನ್ನೇ ನೋಡಿದ. ಆಮೇಲೆ ಮುಂದೆ ಬಂದು, ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, "ಈಗ ಹಾಕಿ" ಅಂದ.