ಡಿಸ್ಕ್ ಮೇಲೇರಿ ಬೀಳುತ್ತಿತ್ತು, ತಪ್ಪು ಬೆನ್ನಿನಲ್ಲಿತ್ತು

ಕಾಸರಗೋಡಿನ ಬದಿಯಡ್ಕದ ಹತ್ತಿರ ಮುರಕಲ್ಲಿನ ಪಾರೆಯೊಂದರಲ್ಲಿ ಸಂಜೆ ಡಿಸ್ಕ್ ಗಾಲ್ಫ್ ಅಭ್ಯಾಸ ಮಾಡುತ್ತೇನೆ. ತಟ್ಟೆಯಂಥ ಡಿಸ್ಕನ್ನು ಎಸೆದು ದೂರದ ಬುಟ್ಟಿಗೆ ಬೀಳಿಸುವ ಆಟ ಅದು. ಇಲ್ಲಿ ಬುಟ್ಟಿ ಇಲ್ಲ, ಗೇರು ಮರವೇ ಗುರಿ. ತಿಂಗಳುಗಟ್ಟಲೆ ನನ್ನ ಬ್ಯಾಕ್‌ಹ್ಯಾಂಡ್ ಎಸೆತ (ಬಲಗೈಯನ್ನು ಎದೆಗೆ ಅಡ್ಡವಾಗಿ ಹಿಂದಕ್ಕೊಯ್ದು ಬೀಸುವುದು) ಒಂದೇ ಥರ ಕೆಡುತ್ತಿತ್ತು. ಡಿಸ್ಕ್ ಮೂತಿ, ಅಂದರೆ ಮುಂದಿನ ಅಂಚು, ಎತ್ತಿ ಮೇಲೇರುತ್ತಿತ್ತು, ಗಾಳಿಯಲ್ಲೇ ನಿಂತು ಎಡಕ್ಕೆ ಜಾರಿ ಬೀಳುತ್ತಿತ್ತು. 40 ಮೀಟರ್ ದಾಟುತ್ತಿರಲಿಲ್ಲ.

ಕೈಬಲ ಸಾಲದು ಅಂದುಕೊಂಡು ಇನ್ನೂ ಜೋರಾಗಿ ಎಸೆದೆ. ಭುಜ ನೋವು ಬಂತು, ಅಷ್ಟೇ.

ಕೊನೆಗೆ ಮೊಬೈಲನ್ನು ಕಲ್ಲಿಗೆ ಒರಗಿಸಿ ವಿಡಿಯೋ ಮಾಡಿದೆ. ಎಸೆಯುವ ಹೊತ್ತಿಗೂ ತೂಕ ಹಿಂದಿನ ಎಡಗಾಲಲ್ಲೇ ಇತ್ತು. ಬೆನ್ನು ಹಿಂದಕ್ಕೆ ವಾಲಿತ್ತು. ಮಜ್ಜಿಗೆ ಕಡೆಯುವ ಕಡೆಗೋಲು ನೋಡಿದ್ದೀರಿ ಅಲ್ವಾ? ಕೋಲು ಎತ್ತ ವಾಲುತ್ತದೋ ಅದರ ತಿರುಗುವಿಕೆಯೂ ಹಾಗೇ ಓರೆಯಾಗುತ್ತದೆ. ಎಸೆತದಲ್ಲಿ ಬೆನ್ನೆಲುಬೇ ಆ ಕೋಲು. ಕೈ ಅದಕ್ಕೆ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಬೀಸುತ್ತದೆ. ಬೆನ್ನು ಗುರಿಯಿಂದ ಹಿಂದಕ್ಕೆ ವಾಲಿದರೆ ಕೈಯ ದಾರಿ ಗುರಿಯ ಕಡೆ ಮೇಲೇರುತ್ತದೆ. ಡಿಸ್ಕೂ ಅದೇ ದಾರಿ ಹಿಡಿಯುತ್ತದೆ.

ಎಸೆಯುವ ಮುಂಚಿನ ಓಟ ಪೂರ್ತಿ ಬಿಟ್ಟೆ. ತೋಟದಲ್ಲಿ ಅಡಿಕೆ ಮರದಿಂದ ಒಂದು ಗೇಣು ದೂರ, ಬಲಮಗ್ಗುಲು ಮರದ ಕಡೆಗಿಟ್ಟು ನಿಂತೆ. ಸೊಂಟದಲ್ಲಿ ಸ್ವಲ್ಪ ಬಾಗಿ, ತೂಕವನ್ನು ಮುಂದಿನ ಬಲಗಾಲಿಗೆ ತಂದೆ. ಸೊಂಟ ಮರಕ್ಕೆ ತಾಗಿದ ಮೇಲೆಯೇ ತಿರುಗುವುದು. ಡಿಸ್ಕ್ ಇಲ್ಲದೆ, ದಿನಕ್ಕೆ 50 ಸಲ. ಈ ಅಭ್ಯಾಸ ನನಗೆ ತುಂಬಾ ಇಷ್ಟವಾಯಿತು. ಸೊಂಟ ಮೊದಲು, ಕೈ ಆಮೇಲೆ ಅನ್ನುವುದು ಮೈಗೇ ಗೊತ್ತಾಗುತ್ತದೆ.

ಮೂರು ವಾರದ ನಂತರ ನಿಂತಲ್ಲಿಂದಲೇ ಎಸೆದ ಡಿಸ್ಕ್ ಮೇಲೇರದೆ ಕೆಳಮಟ್ಟದಲ್ಲೇ ನೇರ ಹೋಗಿ 55 ಮೀಟರ್ ಮುಟ್ಟಿತು. ಭುಜ ನೋವೂ ಇಲ್ಲ. ಸಂಜೆ ಕಡಲ ಗಾಳಿ ಎದುರಿಗೆ ಬಂದಾಗ ಮಾತ್ರ ಮೂತಿ ಇನ್ನೂ ಏಳುತ್ತದೆ. ಈಗ ಅದರ ಮೇಲೆ ಕೆಲಸ ನಡೆದಿದೆ.